ಬಾಗಳಿಯ ಕಲ್ಲಿನ ಕಾಗದಗಳು

ಅಜ್ಜನ ಟ್ರಂಕಿನ ತಳದಲ್ಲಿ ಒಂದು ಬಟ್ಟೆಯ ಗಂಟು ಇರುತ್ತದೆ. ಬಿಚ್ಚಿದರೆ ಹೊಲದ ಪಟ್ಟಾ, ಕಂದಾಯ ಕಟ್ಟಿದ ರಸೀದಿಗಳು, ಯಾವುದೋ ಕಾಲದ ಛಾಪಾ ಕಾಗದ. ಮಕ್ಕಳು ಕೈ ಹಾಕಿದರೆ ಗದರಿಕೆ ಖಂಡಿತ. "ಅದು ಹರಿದರೆ ಹೊಲವೇ ಹೋದಂಗೆ" ಎನ್ನುವುದು ಹಿರಿಯರ ಭಯ. ಇಷ್ಟು ಜೋಪಾನ ಮಾಡಿದರೂ ಕಾಗದ ಎಷ್ಟು ವರ್ಷ ಬಾಳೀತು? ಗೆದ್ದಲು ಇದೆ, ಇಲಿ ಇದೆ, ಸೋರುವ ಮಾಳಿಗೆ ಇದೆ. ಮುತ್ತಜ್ಜನ ಕಾಲದ್ದು ಸಿಕ್ಕರೆ ಅದೇ ದೊಡ್ಡದು.

ಆದರೆ ಸಾವಿರ ವರ್ಷದ ಹಿಂದಿನ ತನ್ನ ಕಾಗದಪತ್ರಗಳನ್ನು ಬಯಲಿನಲ್ಲಿ, ಬಿಸಿಲು ಮಳೆಯಲ್ಲಿ ಇಟ್ಟುಕೊಂಡೇ ಉಳಿಸಿಕೊಂಡ ಒಂದು ಸಣ್ಣ ಊರು ನಮ್ಮಲ್ಲಿದೆ. ಅದರ ಹೆಸರು ಬಾಗಳಿ. ಅಲ್ಲಿನ ಕಾಗದ ಕಲ್ಲಿನದು.

ಹರಪನಹಳ್ಳಿಯಿಂದ ಉತ್ತರಕ್ಕೆ ಹತ್ತು ಕಿಲೋಮೀಟರ್ ಒಳಗಿನ ದಾರಿ. ಮಳೆ ನಂಬಿದ ಸೀಮೆ ಇದು. ಮೆಕ್ಕೆಜೋಳ, ಬಿಳಿಜೋಳ, ಶೇಂಗಾ. ಸುಗ್ಗಿಯ ದಿನಗಳಲ್ಲಿ ಹೋದರೆ ಅರ್ಧ ರಸ್ತೆಯ ತುಂಬ ಮೆಕ್ಕೆಜೋಳ ಹರವಿರುತ್ತಾರೆ, ಉಳಿದರ್ಧದಲ್ಲಿ ನಿಮ್ಮ ಗಾಡಿ ನಾಜೂಕಾಗಿ ಹೋಗಬೇಕು. ಊರಿಗೊಂದು ಕೆರೆ, ಶಾಲೆ, ಚಹಾ ಅಂಗಡಿ. ಹೊರಗಿನವರು ನೋಡಿದರೆ ಈ ಭಾಗದ ನೂರಾರು ಹಳ್ಳಿಗಳಲ್ಲಿ ಇದೂ ಒಂದು. ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ ಈ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ನಿಂತು ನೋಡಿದ್ದು ಕೆಲವೇ ಸಲ. ಈಚೆಗೆ ಏಳನೇ ತರಗತಿಯ ಮೊಮ್ಮಗಳು, ನಾಲ್ಕನೇ ತರಗತಿಯ ಮೊಮ್ಮಗ ಇಬ್ಬರನ್ನೂ ಕಟ್ಟಿಕೊಂಡು ಒಂದಿಡೀ ದಿನಕ್ಕೆಂದೇ ಹೋಗಿ ಬಂದೆ.

ಬಾಗಳಿ ಯಾವ ಜಿಲ್ಲೆಯಲ್ಲಿದೆ ಎಂದು ಕೇಳಿದರೆ, ಯಾವಾಗ ಎಂದು ತಿರುಗಿ ಕೇಳಬೇಕಾಗುತ್ತದೆ! 1953ರ ತನಕ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳೊಂದಿಗೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಅದಾದ ಮೇಲೆ ಮತ್ತೆ ಬಳ್ಳಾರಿ. 2021ರಿಂದ ವಿಜಯನಗರ ಜಿಲ್ಲೆ. ಊರು ಮಾತ್ರ ಇದ್ದಲ್ಲೇ ಇದೆ. ಸಾವಿರ ವರ್ಷದ ಹಿಂದೆ ಕೇಳಿದ್ದರೆ ಇನ್ನೊಂದು ಉತ್ತರ ಬರುತ್ತಿತ್ತು: ನೊಳಂಬವಾಡಿ ಮೂವತ್ತೆರಡು ಸಾವಿರದ ಒಳಗಿನ ಕೋಗಳಿ ಐನೂರು. ಆಗಿನ ಕಾಲಕ್ಕೆ ನಾಡುಗಳ ಹೆಸರಿನ ಜೊತೆಗೆ ಹೀಗೆ ಒಂದು ಸಂಖ್ಯೆ ಇರುತ್ತಿತ್ತು. ಆ ಕೋಗಳಿ ಇಂದಿಗೂ ಹಗರಿಬೊಮ್ಮನಹಳ್ಳಿ ಕಡೆ ಒಂದು ಹಳ್ಳಿಯಾಗಿ ಇದೆ. ಬಾಗಳಿಯನ್ನು ಆಗ ಬಾಳ್ಗುಳಿ ಎನ್ನುತ್ತಿದ್ದರು. ಬಾಯಿಂದ ಬಾಯಿಗೆ ಉರುಳಿ ಉರುಳಿ ಮಧ್ಯದ ಒತ್ತು ಸವೆದುಹೋಯಿತು.

ಇನ್ನು ಗುಡಿಯೊಳಕ್ಕೆ ಹೋಗೋಣ. ಈಗ ಕಲ್ಲೇಶ್ವರ ಎಂದು ಕರೆಯುವ ದೇವರನ್ನು ಶಾಸನಗಳು ಕಲಿದೇವ ಎನ್ನುತ್ತವೆ. ಕಲಿ ಅಂದರೆ ಶೂರ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಎದುರಿಗೆ ಕಾಣುವ, ಗೋಡೆಗಳಿಲ್ಲದ ದೊಡ್ಡ ಸಭಾಮಂಟಪ ಕಲ್ಯಾಣದ ಚಾಲುಕ್ಯರ ಮೊದಲ ಅರಸ ಇಮ್ಮಡಿ ತೈಲಪನ ಕಾಲದ್ದು, ಸುಮಾರು 987ನೆಯ ಇಸವಿ. ಅದನ್ನು ದಾಟಿ ಒಳಗಿನ ಮುಚ್ಚಿದ ಮಂಟಪ ಮತ್ತು ಗರ್ಭಗುಡಿಗೆ ಹೋದರೆ ಇನ್ನೂ ಹಿಂದಕ್ಕೆ ಹೋದಂತೆ. ಅವು ಹತ್ತನೆಯ ಶತಮಾನದ ನಡುಭಾಗದ್ದು, ಮಳಖೇಡದ ರಾಷ್ಟ್ರಕೂಟರು ಆಳುತ್ತಿದ್ದಾಗಿನವು. ನಡುವೆ 973ರಲ್ಲಿ ತೈಲಪ ರಾಷ್ಟ್ರಕೂಟರ ಕರ್ಕನನ್ನು ಸೋಲಿಸಿ ರಾಜ್ಯವನ್ನೇ ಕಿತ್ತುಕೊಂಡ. ಅರಸರ ಮನೆ ಬದಲಾಯಿತು. ಬಾಗಳಿಯಲ್ಲಿ ಮಾತ್ರ ಅದೇ ಗುಡಿಗೆ ಮುಂದಿನ ಪಡಸಾಲೆ ಏರಿತು, ನಾವು ಹಳೆಯ ಮನೆಗೆ ಮುಂದೊಂದು ಜಗಲಿ ಕಟ್ಟಿಸುವ ಹಾಗೆ.

ಇಸವಿ ಹೇಳಿದರೆ ಮಕ್ಕಳಿಗೆ ಅದರ ತೂಕ ತಿಳಿಯುವುದಿಲ್ಲ. ಹೀಗೆ ಯೋಚಿಸಿ. ನಮ್ಮ ನೆರೆಯ ಹಂಪಿಯನ್ನು ನೋಡಿ "ಅಬ್ಬಾ, ಎಷ್ಟು ಹಳೆಯದು!" ಎನ್ನುತ್ತೇವಲ್ಲ, ಆ ವಿಜಯನಗರ ಹುಟ್ಟಿದ್ದು 1336ರಲ್ಲಿ. ಆಗಲೇ ಬಾಗಳಿಯ ಸಭಾಮಂಟಪಕ್ಕೆ ಮುನ್ನೂರ ನಲವತ್ತೊಂಬತ್ತು ವರ್ಷವಾಗಿತ್ತು. ಬೇಲೂರಿನ ಚೆನ್ನಕೇಶವ ಗುಡಿಯ ಕಾಲ 1117. ಬಾಗಳಿ ಅದಕ್ಕೂ ನೂರ ಮೂವತ್ತು ವರ್ಷ ಹಿರಿಯ. ತಂಜಾವೂರಿನ ದೊಡ್ಡ ಗುಡಿ ಮುಗಿದಿದ್ದು 1010ರಲ್ಲಿ. ಅದಕ್ಕೂ ನಮ್ಮ ಬಾಗಳಿ ಅಣ್ಣನೇ. ಅಜ್ಜ ಅಜ್ಜಿಯರಿಗೆ ಇನ್ನೊಂದು ಲೆಕ್ಕ ಹೇಳುತ್ತೇನೆ: ಪಂಪ ತನ್ನ ಕಾವ್ಯಗಳನ್ನು ಬರೆದ 941ರ ಆಸುಪಾಸಿನ ಕಾಲಕ್ಕೂ ಒಳಗಿನ ಗುಡಿಯ ಕಾಲಕ್ಕೂ ಬಹಳ ದೂರವಿಲ್ಲ. ಹೊರಗಿನ ಮಂಟಪಕ್ಕೆ ಕಂಬ ನಿಲ್ಲಿಸುವ ಹೊತ್ತಿಗೆ ರನ್ನ ಬದುಕಿದ್ದ. ಅವನು ಅಜಿತಪುರಾಣ ಮುಗಿಸಿದ್ದು 993ರಲ್ಲಿ, ಅವನಿಗೆ ಆಶ್ರಯ ಕೊಟ್ಟ ಅರಸ ಇದೇ ತೈಲಪ. ಪಠ್ಯಪುಸ್ತಕದಲ್ಲಿ ಓದಿ ಮರೆತ ಆ ಹೆಸರುಗಳು ಈ ಕಂಬಗಳಿಗೆ ಸಮಕಾಲೀನರು.

ಕಂಬ ಎಂದೆನಲ್ಲ, ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅವೇ. ಸಭಾಮಂಟಪದಲ್ಲಿ ಐವತ್ತು ಕಂಬಗಳಿವೆ. ಎಣಿಸಲು ಬಿಟ್ಟೆ. ಮೊಮ್ಮಗಳ ಲೆಕ್ಕ ಒಂದು ಬಂತು, ಮೊಮ್ಮಗನ ಲೆಕ್ಕ ಇನ್ನೊಂದು. ಅಂಚಿನ ಗಿಡ್ಡ ಕಂಬಗಳನ್ನು ಎಣಿಸಬೇಕೋ ಬೇಡವೋ ಎಂದು ಇಬ್ಬರಿಗೂ ಜಗಳ. ಕೆಲವು ಕಂಬಗಳ ಮೈ ನುಣುಪಾಗಿ, ಬಳೆ ತೊಡಿಸಿದ ಹಾಗೆ ಸುತ್ತಲೂ ಗೆರೆ ಗೆರೆಯಾಗಿ ಇದೆ. ಬಡಗಿ ತಿರುಗಣೆಗೆ ಹಾಕಿ ಮಂಚದ ಕಾಲು ಕಡೆಯುವುದನ್ನು ನೋಡಿದವರಿಗೆ ಆ ಹೊಳಪು ಕೂಡಲೇ ಪರಿಚಿತ ಎನಿಸುತ್ತದೆ. ಇವನ್ನೂ ತಿರುಗಿಸಿ ಕಡೆದವೇ ಎನ್ನುತ್ತಾರೆ. ಮರವನ್ನಲ್ಲ, ಆನೆಯ ಕಾಲಿನಷ್ಟು ದಪ್ಪ ಕಲ್ಲನ್ನು! ಇನ್ನು ಕೆಲವಕ್ಕೆ ಸೀರೆಯ ನೆರಿಗೆಯಂತೆ ಉದ್ದುದ್ದ ಏಣುಗಳು. ಒಂದನ್ನು ನೋಡಿ ಇನ್ನೊಂದಕ್ಕೆ ಹೋದರೆ ಹೊಸದೇನೋ ಕಾಣುತ್ತದೆ.

ಇದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಕಲ್ಲಿನ ಹೆಸರಿನಲ್ಲೇ ಇದೆ: ಬಳಪದ ಕಲ್ಲು. ಈಗಿನ ಮಕ್ಕಳು ಸ್ಲೇಟು ಕಂಡವರಲ್ಲ, ಹಾಗಾಗಿ ಬಳಪ ಅಂದರೇನು ಎಂದು ಮೊಮ್ಮಗ ಕೇಳಿದ. ನಿಮ್ಮ ಮನೆಯಲ್ಲೂ ಕೇಳಬಹುದು, ಅಜ್ಜಿ ಹೇಳಲಿ. ಕರೀ ಹಲಗೆಯ ಮೇಲೆ ಗೀಚುತ್ತಿದ್ದ, ಕದ್ದು ತಿನ್ನುತ್ತಲೂ ಇದ್ದ ಆ ಮೆತ್ತನೆಯ ಕಲ್ಲಿನ ಕಡ್ಡಿಯ ಜಾತಿಯದೇ ಈ ಕಲ್ಲು. ನೆಲದಿಂದ ತೆಗೆದಾಗ ಮೃದು, ಉಳಿಗೆ ಬೆಣ್ಣೆಯಂತೆ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಬಿದ್ದು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಬಾದಾಮಿ, ಪಟ್ಟದಕಲ್ಲಿನ ಶಿಲ್ಪಿಗಳು ಕೆತ್ತಿದ್ದು ಕೆಂಪು ಮರಳುಗಲ್ಲಿನಲ್ಲಿ. ಅದರ ಕಣ ದಪ್ಪ, ಆಭರಣದ ಎಳೆಯಷ್ಟು ಸಣ್ಣ ಕೆಲಸ ಅದರಲ್ಲಿ ಕಷ್ಟ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಈ ಬಳಪದ ಕಲ್ಲು ಕೈಗೆ ಸಿಕ್ಕಿದ್ದೇ ತಡ, ಕೆತ್ತನೆಯ ಗುಣವೇ ಬದಲಾಯಿತು. ಮುಂದೆ ಹೊಯ್ಸಳರು ಅದನ್ನು ಎಲ್ಲಿಗೆ ಮುಟ್ಟಿಸಿದರು ಎಂಬುದನ್ನು ಬೇಲೂರು ಹಳೇಬೀಡಿನಲ್ಲಿ ನೋಡಿದ್ದೀರಿ. ಆ ಕಲೆ ಕೈ ಪಳಗಿಸಿಕೊಂಡಿದ್ದು ನಮ್ಮ ಈ ಸೀಮೆಯ ಗುಡಿಗಳಲ್ಲಿ.

ಒಳಗಿನ ಬಾಗಿಲುವಾಡದ ಎದುರು ಮೊಮ್ಮಗಳು ತುಂಬ ಹೊತ್ತು ನಿಂತಳು. ಪಟ್ಟಿಯ ಪಕ್ಕ ಪಟ್ಟಿ, ಬಳ್ಳಿಯ ಪಕ್ಕ ಬಳ್ಳಿ. ಪಕ್ಕದಲ್ಲಿ ಬೆಳಕು ಬರಲೆಂದು ತೂತು ಕೊರೆದ ಕಲ್ಲಿನ ಜಾಲಂಧ್ರ. ಕಲ್ಲಿನ ಕಿಟಕಿಯಿಂದ ಬಿದ್ದ ಬೆಳಕಿನ ಚುಕ್ಕಿಗಳನ್ನು ಮೊಮ್ಮಗ ಕಾಲಲ್ಲಿ ತುಳಿಯಲು ನೋಡುತ್ತಿದ್ದ. ಆವರಣದಲ್ಲಿ ನರಸಿಂಹ, ಸೂರ್ಯ, ಉಮಾಮಹೇಶ್ವರ, ಮಹಿಷಮರ್ದಿನಿ ಎಂದು ಹಲವು ದೇವರುಗಳ ವಿಗ್ರಹಗಳಿವೆ. ಸೂರ್ಯನನ್ನು ಗುರುತಿಸುವುದು ಮಕ್ಕಳಿಗೂ ಸುಲಭ: ಎರಡು ಕೈಯಲ್ಲಿ ಎರಡು ಅರಳಿದ ತಾವರೆ. ಶಿವನ ಗುಡಿಯಲ್ಲಿ ಇವರೆಲ್ಲ ಹೇಗೆ ಎಂದು ಕೇಳಬೇಡಿ. ಆಗಿನವರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ.

ಆದರೆ ನನ್ನನ್ನು ಬಾಗಳಿಗೆ ಮತ್ತೆ ಮತ್ತೆ ಎಳೆಯುವುದು ಕಂಬವೂ ಅಲ್ಲ, ವಿಗ್ರಹವೂ ಅಲ್ಲ. ಕಲ್ಲಿನ ಮೇಲಿನ ಬರಹ. ಈ ಒಂದೇ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಹಳಗನ್ನಡ ಶಾಸನಗಳು ಸಿಕ್ಕಿವೆ. ರಾಷ್ಟ್ರಕೂಟರ ಕಾಲದಿಂದ ಆರನೆಯ ವಿಕ್ರಮಾದಿತ್ಯನ ಕಾಲ ದಾಟುವ ತನಕ, ತಲೆಮಾರಿನ ಮೇಲೆ ತಲೆಮಾರು ಇಲ್ಲಿ ಕಲ್ಲಿಗೆ ಬರೆಸಿದ್ದಾರೆ. ದೊಡ್ಡ ಪಟ್ಟಣವೂ ಹೀಗೆ ತನ್ನ ಲೆಕ್ಕ ಇಟ್ಟುಕೊಂಡಿದ್ದು ಅಪರೂಪ.

ಏನು ಬರೆದಿದ್ದಾರೆ? ಕಥೆಯಲ್ಲ. ಹೊಲ, ಕೆರೆ, ಎಣ್ಣೆ, ಅಕ್ಕಿ. ಯಾವ ದೇವರಿಗೆ ಯಾರು ಎಷ್ಟು ಮತ್ತರು ಭೂಮಿ ಬಿಟ್ಟರು, ಅದು ಯಾವ ದಿಕ್ಕಿಗಿದೆ, ಅದರಿಂದ ಬಂದುದರಲ್ಲಿ ಏನು ನಡೆಯಬೇಕು ಎಂಬಂಥ ವಿಷಯ. ಮತ್ತರು ಅಂದರೆ ಆಗಿನ ಎಕರೆ ಎಂದುಕೊಳ್ಳಿ. ಗದ್ಯಾಣ ಅಂದರೆ ಚಿನ್ನದ ನಾಣ್ಯ. ಕೊಳಗ ಅಂದರೆ ಕಾಳು ಅಳೆಯುವ ಪಾತ್ರೆ, ಈ ಮಾತು ನಮ್ಮ ಕಣಗಳಲ್ಲಿ ಮೊನ್ನೆ ಮೊನ್ನೆಯವರೆಗೆ ಜೀವಂತವಿತ್ತು. ಬಾಳ್ಗುಳಿ ಒಂದು ಅಗ್ರಹಾರ. ಅದರ ಆಡಳಿತ ನೋಡುತ್ತಿದ್ದವರು ಐವತ್ತು ಮಂದಿ ಮಹಾಜನರು. ಭೂಮಿ ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು ಎಲ್ಲ ಅವರ ಮೂಲಕ. ಈಗಿನ ಗ್ರಾಮ ಪಂಚಾಯಿತಿ, ಬ್ಯಾಂಕು, ಸಬ್ ರಿಜಿಸ್ಟ್ರಾರ್ ಕಚೇರಿ ಮೂರೂ ಸೇರಿದ ಹಾಗೆ. "ಐವತ್ತು ಜನ, ಐವತ್ತು ಕಂಬ! ಒಬ್ಬೊಬ್ಬರಿಗೂ ಒರಗಿಕೊಳ್ಳಲು ಒಂದೊಂದು" ಎಂದು ಮೊಮ್ಮಗ ತೀರ್ಪು ಕೊಟ್ಟ. ಹಾಗೆ ಎಲ್ಲೂ ಬರೆದಿಲ್ಲಪ್ಪ ಎಂದೆ. ಆದರೂ ಸಭೆ ಸೇರಿದ ದಿನ ಯಾರೋ ಒಬ್ಬರಾದರೂ ಬೆನ್ನು ನೋವಿಗೆ ಕಂಬಕ್ಕೆ ಒರಗಿರಲಾರರೇ?

ಶಾಸನದ ಕಲ್ಲಿನ ನೆತ್ತಿಯ ಮೇಲೆ ಸಾಮಾನ್ಯವಾಗಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಹಸು ಇವನ್ನು ಕೆತ್ತಿರುತ್ತಾರೆ. ಇದು ಅಲಂಕಾರವಲ್ಲ, ಒಪ್ಪಂದದ ಅವಧಿ! ಸೂರ್ಯ ಚಂದ್ರ ಇರುವ ತನಕ ಈ ದಾನ ನಡೆಯಬೇಕು ಎಂದು, ಓದಲು ಬಾರದವನಿಗೂ ತಿಳಿಯುವ ಹಾಗೆ ಹೇಳುವ ರೀತಿ. ಬರಹ ಬಹುಮಟ್ಟಿಗೆ "ಸ್ವಸ್ತಿ" ಎಂಬ ಮಂಗಳದ ಮಾತಿನಿಂದ ಆರಂಭ. ಆಮೇಲೆ ಅರಸನ ಬಿರುದುಗಳ ಮೆರವಣಿಗೆ, ಆಮೇಲೆ ಶಕವರ್ಷ. ಶಕವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. 909 ಇದ್ದರೆ 987. ಈ ಕೂಡುವ ಲೆಕ್ಕವನ್ನು ನಾಲ್ಕನೇ ತರಗತಿಯವನೇ ಮಾಡಿದ. ಕೊನೆಯಲ್ಲಿ ಶಾಪ. ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಹಸು ಕೊಂದ ಪಾಪ, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎಂದೆಲ್ಲ. ಪೊಲೀಸು ಕೋರ್ಟು ಕೈಗೆಟುಕದ ಕಾಲದಲ್ಲಿ ಕಾಗದಕ್ಕೆ ಕಾವಲು ಆ ಮಾತೇ.

ಹಳಗನ್ನಡ ಅಂದ ಕೂಡಲೇ ಹೆದರುವವರಿಗೆ ಒಂದು ಗುಟ್ಟು. ಆಗಿನವರ ಬಾಯಲ್ಲಿ ಹಾಲು ಪಾಲ್ ಆಗಿತ್ತು, ಹತ್ತು ಪತ್ತು, ಹಣ್ಣು ಪಣ್, ಹೊಲ ಪೊಲ. ನೆರೆಯ ತಮಿಳರೂ ತೆಲುಗರೂ ಇಂದಿಗೂ ಪಕಾರವನ್ನು ಬಿಟ್ಟಿಲ್ಲ, ನಾವು ಅದನ್ನು ಹಕಾರ ಮಾಡಿಕೊಂಡೆವು. ಈ ಒಂದು ಬೀಗದ ಕೈಗೆ ಎಷ್ಟೋ ಪದಗಳು ತೆರೆದುಕೊಳ್ಳುತ್ತವೆ. ಇನ್ನು, ವರ್ಣಮಾಲೆಯಿಂದ ಕಾಣೆಯಾದ ಎರಡು ಅಕ್ಷರಗಳು ಅಲ್ಲಿ ಸಿಗುತ್ತವೆ, ಱ ಮತ್ತು ೞ. ಕೆರೆಯನ್ನು ಅವರು ಕೆಱೆ ಎಂದು ಬರೆದರು. ಆರು ಆಱು, ಏಳು ಏೞು, ನೂರು ನೂಱು. ನಾಲಿಗೆ ಆ ಉಲಿಗಳನ್ನು ಬಿಟ್ಟ ಮೇಲೆ ಅಕ್ಷರಗಳೂ ಬೀದಿಪಾಲಾದವು. ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇರಲಿಲ್ಲ, ಅದೊಂದು ತೊಡಕು. ಅಕ್ಷರಗಳ ರೂಪವೂ ಬೇರೆ. ಆಗ ಕನ್ನಡಕ್ಕೂ ತೆಲುಗಿಗೂ ಬಹುಮಟ್ಟಿಗೆ ಒಂದೇ ಲಿಪಿ. ಆದರೂ ಗ, ರ, ನ, ಲ ಇಂಥವನ್ನು ತೋರಿಸಿಕೊಟ್ಟರೆ ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಅವರ ಕಣ್ಣಿಗೆ ಅದು ಒಗಟು, ನಮ್ಮ ಕಣ್ಣಿಗೆ ಕಷ್ಟ.

ನಾವು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದು ನೋಡಿ ಊರಿನ ಹಿರಿಯರೊಬ್ಬರು ಬಂದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಕೋಲು.

"ಯಾವೂರ್ರಿ ನಿಮ್ದು? ಏನ್ ಹುಡುಕ್ತೀರಿ?"

"ಕೊಟ್ಟೂರು ಕಡೆಯೋರು ಯಜಮಾನ್ರೆ. ಮಕ್ಕಳಿಗೆ ಶಾಸನ ತೋರಿಸ್ತಿದ್ದೆ."

"ತೋರ್ಸ್ರಿ ತೋರ್ಸ್ರಿ. ನಾವ್ ಸಣ್ಣೋರಿದ್ದಾಗ ಇಲ್ಲೇ ಗೋಲಿ ಆಡ್ತಿದ್ವಿ. ಮಳಿ ಬಂದ್ರ ದನಾನೂ ಒಳಗ ನಿಲ್ತಿದ್ವು. ಇದ್ರಾಗ ಏನ್ ಬರ್ದಾರ ಅಂತ ನಮ್ಮಜ್ಜಗೂ ಗೊತ್ತಿರ್ಲಿಲ್ಲ. ಕೊಪ್ಪರಿಗಿ ಹುಗ್ದಾರ, ಅದರ ಗುರ್ತು ಬರ್ದಾರ ಅಂತಿದ್ರು."

"ಅಜ್ಜಾ, ಇದರಲ್ಲಿ ದೀಪದ ಎಣ್ಣೆ ಲೆಕ್ಕ ಇರುತ್ತಂತೆ" ಎಂದಳು ಮೊಮ್ಮಗಳು.

ಅವರು ಜೋರಾಗಿ ನಕ್ಕರು. "ಹೌದನವ್ವ? ಎಣ್ಣಿ ಲೆಕ್ಕಕ್ಕ ಇಷ್ಟ್ ದೊಡ್ ಕಲ್ಲಾ!"

ನಗುವ ಮಾತು ನಿಜ, ಆದರೆ ಆ ಕೊಪ್ಪರಿಗೆಯ ನಂಬಿಕೆ ನಗುವಂಥದ್ದಲ್ಲ. ನಮ್ಮ ನಾಡಿನಲ್ಲಿ ಎಷ್ಟೋ ಕಡೆ ಹಾಳು ಗುಡಿಗಳ ಲಿಂಗ ಕಿತ್ತು, ಶಾಸನದ ಬುಡ ಅಗೆದು, ವೀರಗಲ್ಲು ಒಡೆದು ಹಾಕಿದ್ದಾರೆ. ಯಾಕೆ? ಬರೆದದ್ದನ್ನು ಓದಲು ಬಾರದ್ದಕ್ಕೆ. ಓದಲು ಬಾರದ ಬರಹ ನಿಧಿಯ ನಕ್ಷೆಯಂತೆ ಕಂಡುಬಿಡುತ್ತದೆ. ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿದು ಬಂದವನಿಗೆ ಆ ಕಲ್ಲು "ಇಂಥವರು ನಂದಾದೀವಿಗೆಗೆ ಇಷ್ಟು ಎಣ್ಣೆ ಕೊಟ್ಟರು" ಎಂದಷ್ಟೇ ಹೇಳುತ್ತದೆ ಎಂಬುದು ತಿಳಿದಿದ್ದರೆ ಅವನು ಮನೆಯಲ್ಲೇ ಮಲಗಿರುತ್ತಿದ್ದ. ಊರಲ್ಲಿ ಓದಬಲ್ಲವರು ನಾಲ್ಕು ಜನ ಇದ್ದರೆ ಅದಕ್ಕಿಂತ ಒಳ್ಳೆಯ ಕಾವಲು ಇಲ್ಲ ಎಂದು ನಾನು ನಂಬಿದವನು. ಬೇಲಿ ಬೇಡವೆಂದಲ್ಲ. ಬೇಲಿಯ ಒಳಗಿನ ಕಲ್ಲಿಗಷ್ಟೇ ಬೇಲಿ ಕಾವಲು. ದಾರಿಯ ಬದಿಯಲ್ಲಿ, ಕೆರೆಯ ಏರಿಯ ಮೇಲೆ, ಹಿತ್ತಲಲ್ಲಿ ಬಿದ್ದ ಕಲ್ಲುಗಳಿಗೆ ಯಾರಿದ್ದಾರೆ?

ವೀರಗಲ್ಲನ್ನು ಓದಲು ಅಕ್ಷರವೂ ಬೇಡ, ಮಕ್ಕಳೇ. ಅದು ಮೂರು ಅಂತಸ್ತಿನ ಚಿತ್ರಕಥೆ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಡೆ ಕಾಳಗ, ಹಲವು ಸಲ ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋದ ಹೋರಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲ್ಗಡೆ ಅವನು ಶಿವಲೋಕದಲ್ಲಿ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಇಂಥ ಕಲ್ಲಿನ ಮೇಲೆ ಬಟ್ಟೆ ಒಗೆದದ್ದನ್ನೂ ಕುಡುಗೋಲು ಮಸೆದದ್ದನ್ನೂ ನಾನು ಕಂಡಿದ್ದೇನೆ. ಮಸೆದವರದು ಉಡಾಫೆಯಲ್ಲ, ಅದು ಅವರ ಮನೆಯ ಕಲ್ಲು ಅಷ್ಟೆ. ಅದರಲ್ಲಿರುವವನು ಅದೇ ಊರಿನ ದನಕ್ಕಾಗಿ ಸತ್ತವನು ಎಂದು ಹೇಳುವವರು ಇರಲಿಲ್ಲ.

ಹಳೆಯ ಕಲ್ಲಿನ ಜೊತೆ ಸಂಸಾರ ಮಾಡುವ ಊರುಗಳು ಜಗತ್ತಿನಲ್ಲೆಲ್ಲ ಇವೆ. ಸಿರಿಯಾ ದೇಶದ ದಕ್ಷಿಣದಲ್ಲಿ ಗುಡ್ಡದ ಮೇಲೆ ಕನವಾತ್ ಎಂಬ ಊರಿದೆ. ಅಲ್ಲಿರುವವರು ಬಹುತೇಕ ದ್ರೂಜ್ ಎಂಬ ಸಣ್ಣ ಪಂಗಡದ ಜನ. ಆ ಊರಿನ ತುಂಬ ರೋಮನ್ನರ ಕಾಲದ ಗುಡಿಗಳ ಕಂಬಗಳು ನಿಂತಿವೆ. ಕಟ್ಟಿದವರು ಯಾರೋ, ಈಗ ಬಾಳುವವರು ಯಾರೋ. ಆ ಭಾಗದಲ್ಲಿ ಶತಮಾನಗಳ ಕಾಲ ಬಿಟ್ಟುಹೋಗಿದ್ದ ಕಪ್ಪು ಕಲ್ಲಿನ ಮನೆಗಳಿಗೆ ಹೊಸ ಜನ ಬಂದು ನೆಲೆಸಿ, ಹಳೆಯ ಗೋಡೆಗಳನ್ನೇ ತಮ್ಮ ಗೋಡೆ ಮಾಡಿಕೊಂಡರು. ಆದರೆ ಆ ಕಲ್ಲುಗಳ ಮೇಲಿನ ಗ್ರೀಕ್ ಬರಹ ಅವರ ಭಾಷೆಯದಲ್ಲ. ಬಾಗಳಿಯ ಭಾಗ್ಯ ದೊಡ್ಡದು ಎಂದು ನನಗನ್ನಿಸುವುದು ಇಲ್ಲೇ. ಇಲ್ಲಿಯ ಕಲ್ಲು ಆಡುವ ಮಾತನ್ನೇ ಇಲ್ಲಿಯ ಮಗು ಆಡುತ್ತದೆ. ನಡುವೆ ಸಾವಿರ ವರ್ಷದ ಧೂಳು ಮಾತ್ರ.

ಆ ಧೂಳು ಒರೆಸಿದವರನ್ನೂ ನೆನೆಯಬೇಕು. 1896ರಲ್ಲಿ ಅಲೆಕ್ಸಾಂಡರ್ ರೀ ಎಂಬ ಅಧಿಕಾರಿ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳ ಮೇಲೆ ಒಂದು ದೊಡ್ಡ ಪುಸ್ತಕ ತಂದರು. ಬಾಗಳಿಯ ಗುಡಿಯನ್ನು ಅಳೆದು ತೆಗೆದ ನಕ್ಷೆಗಳು ಅದರಲ್ಲಿವೆ. ಶಾಸನಗಳನ್ನು ನಕಲು ಮಾಡುವ ಕ್ರಮ ಮಕ್ಕಳು ನೋಡಬೇಕಾದ್ದು. ಕಲ್ಲನ್ನು ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಮೆತ್ತಗೆ ಬಡಿಯುತ್ತಾರೆ. ಕಾಗದ ಅಕ್ಷರದ ಗುಳಿಗಳೊಳಗೆ ಇಳಿದು ಕೂರುತ್ತದೆ. ಆಮೇಲೆ ಮಸಿಯ ಗಂಟಿನಿಂದ ತಟ್ಟಿದರೆ ಉಬ್ಬಿದ ಜಾಗವೆಲ್ಲ ಕಪ್ಪು, ಅಕ್ಷರ ಬೆಳ್ಳಗೆ. ಕಲ್ಲು ಊರಲ್ಲೇ ಇರುತ್ತದೆ, ಅದರ ಪಡಿಯಚ್ಚು ಸುರುಳಿಯಾಗಿ ಕಚೇರಿಗೆ ಹೋಗುತ್ತದೆ. ಹೀಗೆ ತಂದ ಬಾಗಳಿಯ ಶಾಸನಗಳು 1939ರಲ್ಲಿ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದವು. ಸಂಪಾದಕರಲ್ಲಿ ಒಬ್ಬರು ಆರ್. ಶಾಮಾಶಾಸ್ತ್ರಿಗಳು. ಹೌದು, ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಗುರುತಿಸಿ ಲೋಕಕ್ಕೆ ಕೊಟ್ಟವರೇ.

ಈಗ ಗುಡಿ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ರಾಷ್ಟ್ರೀಯ ಮಹತ್ವದ ಸ್ಮಾರಕ. ಇಂಥ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಹಳೆಯ ಮನೆಯ ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂರು ಮೀಟರಿನಲ್ಲಿ ಕಟ್ಟಲೂ ಒಪ್ಪಿಗೆ ತರಬೇಕು. 2010ರ ತಿದ್ದುಪಡಿಯಿಂದ ಈ ನಿಯಮ ಬಿಗಿಯಾಗಿದೆ. ಪಟ್ಟಣದಲ್ಲಿ ಕೂತು ಓದುವವರಿಗೆ ಇದು ಬಹಳ ಸರಿ ಎನಿಸುತ್ತದೆ. ಮಗನ ಮದುವೆಗೆ ಇನ್ನೊಂದು ಕೋಣೆ ಏರಿಸಬೇಕೆಂದಿರುವ, ಗುಡಿಯ ಪಕ್ಕದ ಮನೆಯವನಿಗೆ ಹೇಗನಿಸೀತು? ನಿಯಮ ಬೇಕು, ಅದಿಲ್ಲದೆ ಹೋದಲ್ಲಿ ಗುಡಿಯ ಗೋಡೆಗೇ ದನದ ಕೊಟ್ಟಿಗೆ ಏರಿದ್ದನ್ನು ನೋಡಿದ್ದೇವೆ. ಆದರೆ ಕಾಯುವ ಭಾರವನ್ನೆಲ್ಲ ನೆರೆಮನೆಯವನ ಮೇಲೆ ಹೇರಿ, ಹೆಮ್ಮೆಯನ್ನಷ್ಟೇ ನಾವು ಹಂಚಿಕೊಂಡರೆ ಅದು ನ್ಯಾಯವಲ್ಲ. ಅವನ ಮಕ್ಕಳಿಗೆ ಆ ಕಲ್ಲು ಓದಲು ಬರುವಂತೆ ಮಾಡುವುದು ನಾವು ತೀರಿಸಬೇಕಾದ ಬಡ್ಡಿ. ವಾರಕ್ಕೊಂದು ಗಂಟೆ, ಶಾಲೆಯ ಕನ್ನಡ ಪಾಠದ ಜೊತೆಗೇ ಇದನ್ನು ಮಾಡಬಹುದು. ನಿವೃತ್ತ ಮೇಷ್ಟ್ರುಗಳು ಪ್ರತಿ ಊರಲ್ಲೂ ಇದ್ದೇವೆ, ಬೆಳಿಗ್ಗೆ ಪೇಪರು ಓದಿ ಮುಗಿಸಿದರೆ ಬೇರೆ ಕೆಲಸವೂ ಇಲ್ಲ.

ರಜೆಯಲ್ಲಿ ಹೋಗುವವರಿಗೆ ದಾರಿ ಸುಲಭ. ಹೊಸಪೇಟೆ, ಕೊಟ್ಟೂರು, ಹರಿಹರದ ರೈಲು ಮಾರ್ಗದಲ್ಲಿ ಹರಪನಹಳ್ಳಿಗೆ ನಿಲ್ದಾಣವಿದೆ, ಬಸ್ಸುಗಳಂತೂ ಇವೆ. ಊಟ ಕಟ್ಟಿಕೊಂಡು ಹೋಗಿ. ಸಮಯ ಉಳಿದರೆ ಹಡಗಲಿ ತಾಲ್ಲೂಕಿನ ಕುರುವತ್ತಿಗೆ, ತುಂಗಭದ್ರೆಯ ದಡದ ಮಲ್ಲಿಕಾರ್ಜುನ ಗುಡಿಗೆ ಹೋಗಬಹುದು. ಅಲ್ಲಿನ ಮದನಿಕೆಯರನ್ನು ನೋಡಿದರೆ ಬೇಲೂರಿನವರ ಅಕ್ಕಂದಿರು ಎಂದು ಒಪ್ಪಿಕೊಳ್ಳುತ್ತೀರಿ. ಹರಪನಹಳ್ಳಿ ತಾಲ್ಲೂಕಿನಲ್ಲೇ ನೀಲಗುಂದದ ಭೀಮೇಶ್ವರ ಇದ್ದಾನೆ, ಉಚ್ಚಂಗಿದುರ್ಗದ ಕೋಟೆ ಇದೆ.

ಶಾಸನ ನೋಡಲು ನಡುಮಧ್ಯಾಹ್ನ ಹೋಗಬೇಡಿ. ನೆತ್ತಿಯ ಮೇಲಿನ ಬಿಸಿಲಿಗೆ ಅಕ್ಷರಗಳು ಅಡಗುತ್ತವೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬೆಳಕಿಗೆ ಗುಳಿಗಳಲ್ಲಿ ನೆರಳು ತುಂಬಿ ಅವೇ ಎದ್ದು ನಿಲ್ಲುತ್ತವೆ. ಮಂಟಪದೊಳಗಿನ ಕಲ್ಲಾದರೆ ಒಂದು ಕೈದೀಪವನ್ನು ಬದಿಯಿಂದ, ಕಲ್ಲಿಗೆ ಸಮನಾಗಿ ಹಿಡಿಯಿರಿ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಹಚ್ಚುವುದು ಬೇಡ. ಮೊದಲು ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಹುಡುಕಿ. ಅದರ ಕೆಳಗಿನ ಮೊದಲ ಸಾಲುಗಳಲ್ಲಿ, ವ ಒತ್ತು ಹೊತ್ತ ಸ ಅಕ್ಷರ, ಅದರ ಪಕ್ಕ 'ಸ್ತಿ' ಕಾಣುತ್ತದೆಯೇ ಎಂದು ಮಕ್ಕಳೇ ಬೆರಳಿಟ್ಟು ತೋರಿಸಲಿ. ಅಜ್ಜ ಅಜ್ಜಿಯರು ಕನ್ನಡಕ ಮರೆಯಬೇಡಿ.